ಯಾರೂ ಸಾಯದ ದುರಂತ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಎಂಟನೆಯ ತರಗತಿಯ ಅರ್ಧದಲ್ಲಿ. ಓದೇ ನನ್ನನ್ನು ನಿಲ್ಲಿಸಿತು ಎನ್ನುವವರೂ ಇದ್ದಾರೆ. ಅವರೆಲ್ಲ ನನಗಿಂತ ಜಾಸ್ತಿ ಓದಿದವರು, ಮನೆಯ ಸೋಫಾ ಹರಿದರೆ ನನಗೇ ಫೋನ್ ಮಾಡುವವರು. ದೋಹಾದ ಅಲ್ ಮುಂತಜಾದಲ್ಲಿ ಹಳೆಯ ಕಟ್ಟಡವೊಂದರ ಕೆಳಗೆ ನನ್ನ ಸೋಫಾ ಅಂಗಡಿ. ಅರಬರು ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ದಿಂಬಿನಿಂದ ಹಿಡಿದು ಆಫೀಸಿನ ತಿರುಗುವ ಕುರ್ಚಿಯವರೆಗೆ, ಉಳಿದವರು ಆರಾಮವಾಗಿ ಕೂರಲಿ ಎಂದು ಇಷ್ಟು ವರ್ಷ ನಿಂತುಕೊಂಡೇ ದುಡಿದವನು ನಾನು. ಆದರೂ ಯಾರಾದರೂ ನನ್ನನ್ನು ಬರೀ ಸೋಫಾದವನು ಎಂದರೆ ಸಿಟ್ಟು ಬರುತ್ತದೆ. ಯಾಕೆಂದರೆ ನಾನು ರಾಜ. ವರ್ಷಕ್ಕೊಮ್ಮೆ, ನಮ್ಮ ಕರಾವಳಿಯವರ ಸಂಘದ ನಾಟಕದಲ್ಲಿ.

ನಾಟಕ ಹಳೆಯದು, ನಮ್ಮ ಅಜ್ಜಂದಿರ ಕಾಲದ್ದು. ಮುಖಕ್ಕೆ ಬಟ್ಟೆ ಕಟ್ಟಿದ ದಂಗೆಕೋರನೊಬ್ಬನಿಗೆ ರಾಜ ಮರಣದಂಡನೆ ಕೊಡುತ್ತಾನೆ. ಶಿಕ್ಷೆ ಮುಗಿದ ಮೇಲೆ ಬಟ್ಟೆ ಬಿಚ್ಚಿದರೆ ಅವನು ಸ್ವಂತ ಮಗ. ರಾಜ ಎದೆಯೊಡೆದು ಸಾಯುತ್ತಾನೆ. ಈ ಸಾಯುವುದರಲ್ಲಿ ನನ್ನನ್ನು ಮೀರಿಸಿದವರು ಕತಾರಿನಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಕೈ ಎದೆಗೆ, ಒಂದು ಕೈ ಆಕಾಶಕ್ಕೆ, ಮೂರು ಸುತ್ತು ತಿರುಗಿ ಸಿಂಹಾಸನದ ಮೆಟ್ಟಿಲ ಮೇಲೆ ದೊಪ್ಪನೆ ಬೀಳುವುದು. ಅವಸರ ಮಾಡುವುದಿಲ್ಲ. ಹಿಂದಿನ ಸಾಲಿನವರಿಗೂ ನಾನು ಸತ್ತದ್ದು ಗೊತ್ತಾಗಬೇಕಲ್ಲ. ಒಂದು ವರ್ಷ ಅರ್ಧ ಸತ್ತಾಗಲೇ ಚಪ್ಪಾಳೆ ಬಿತ್ತೆಂದು ಎದ್ದು ಕೈಮುಗಿದು, ಪುನಃ ಸತ್ತದ್ದೂ ಉಂಟು.

ಹೀಗಿರುವಾಗ ಮೆಲ್ವಿನನ ತಲೆಗೆ ಸಿನಿಮಾ ಹೊಕ್ಕಿತು. ಮೆಲ್ವಿನ್ ಉಡುಪಿ ಕಡೆಯ ಹುಡುಗ, ಯಾವುದೋ ಕಂಪನಿಯಲ್ಲಿ ಅಕೌಂಟೆಂಟ್, ನಮ್ಮ ನಾಟಕದ ನಿರ್ದೇಶಕ. ಈ ಸಲ ನಾಟಕ ಬೇಡ, ಇದನ್ನೇ ಎಪಿಕ್ ಸಿನಿಮಾ ಮಾಡುವಾ ಎಂದ. ಎಪಿಕ್ ಎಂದರೆ ಎಂತ ಎಂದು ಕೇಳಿದೆ. ಎಲ್ಲವೂ ದೊಡ್ಡದಿರಬೇಕು ಶೀನಣ್ಣ, ಮರಳುಗುಡ್ಡ, ಒಂಟೆ, ಸೈನ್ಯ, ಮೇಲಿಂದ ಡ್ರೋನ್ ಎಂದ. ಮರಳು ಇಲ್ಲಿ ಬೇಕಾದಷ್ಟು ಉಂಟು. ಒಂಟೆ ಒಂದು ಸಿಕ್ಕಿತು. ಅದನ್ನೇ ಎಡದಿಂದ, ಬಲದಿಂದ, ಹಿಂದಿನಿಂದ ತೆಗೆದು ಒಂಟೆಪಡೆ ಮಾಡುವುದೆಂದು ತೀರ್ಮಾನವಾಯಿತು. ತೊಂದರೆ ಬಂದದ್ದು ಸೈನ್ಯಕ್ಕೆ. ನಮ್ಮ ಸಂಘದಲ್ಲಿ ಸಹಾಯ ಮಾಡಿದವರನ್ನೆಲ್ಲ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವುದು ಪದ್ಧತಿ. ಸಿನಿಮಾಕ್ಕೆ ವೇದಿಕೆ ಎಲ್ಲಿಂದ ತರುವುದು? ಅದಕ್ಕೆ ಮೆಲ್ವಿನ್ ಸ್ಪಾನ್ಸರ್‌ಗಳಿಗೆಲ್ಲ ಪಾತ್ರ ಕೊಟ್ಟ. ಸಿಪಾಯಿಯಾಗಲು ಒಬ್ಬರೂ ಒಪ್ಪಲಿಲ್ಲ. ಕೊನೆಗೆ ನಮ್ಮ ಸೈನ್ಯದಲ್ಲಿ ಇದ್ದವರೆಲ್ಲ ಸೇನಾಧಿಪತಿಗಳೇ, ಎಲ್ಲರ ಹೆಗಲಿಗೂ ಸನ್ಮಾನದ ಶಾಲು. ಶತ್ರುಪಕ್ಷಕ್ಕೆ ಹೋಗಲು ಯಾರೂ ತಯಾರಿಲ್ಲದ ಕಾರಣ ಯುದ್ಧವನ್ನು ಕೈಬಿಡಲಾಯಿತು.

ರಾಜಕುಮಾರನ ಪಾತ್ರ ದೊಡ್ಡ ಸ್ಪಾನ್ಸರ್ ಸದಾನಂದಣ್ಣನ ಮಗ ಪ್ರಜ್ವಲನಿಗೆ ಹೋಯಿತು. ರಿಹರ್ಸಲಿನಲ್ಲಿ ಬಿಳಿ ಬಟ್ಟೆ ಹೊದೆದು ಅವನು ಹೆಣವಾಗಿ ಮಲಗಿದ ಒಂದು ಫೋಟೊವನ್ನು ಯಾರೋ ಪುಣ್ಯಾತ್ಮರು ಅವರ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕಾರ್ಕಳದಲ್ಲಿ ಅವನ ಅಜ್ಜಿ ಅದನ್ನು ನೋಡಿದವರೇ ಅನ್ನ ಬಿಟ್ಟು ಕೂತರು. ಮರುದಿನ ಅಲ್ ರಯ್ಯಾನಿನಲ್ಲಿ ಸದಾನಂದಣ್ಣನ ವಿಲ್ಲಾದಲ್ಲಿ ತುರ್ತು ಸಭೆ. ಪ್ರಜ್ವಲ್ ಸಾಯಬಾರದು, ಪ್ರಜ್ಞೆ ತಪ್ಪಿದರೆ ಸಾಕು ಎಂದು ಒಮ್ಮತದಿಂದ ನಿರ್ಣಯವಾಯಿತು.

ನನಗೆ ಗಾಬರಿಯಾಯಿತು. ಮಗ ಬದುಕಿದರೆ ನಾನು ಸಾಯುವುದು ಹೇಗೆ? ಅಷ್ಟು ದೊಡ್ಡ ಮರಳುಗುಡ್ಡದ ನಡುವೆ ಸಾಯುವ ಅವಕಾಶ ನನಗೆ ಇನ್ನೊಮ್ಮೆ ಸಿಗಲಿಕ್ಕುಂಟೇ? ಅದನ್ನೇ ಕೇಳಿದೆ.

ಮೆಲ್ವಿನ್ ಸ್ವಲ್ಪ ಯೋಚಿಸಿ, "ಮಗ ಕಣ್ಣುಬಿಟ್ಟ ಅಲ್ವಾ, ಆ ಸಂತೋಷಕ್ಕೆ ಸಾಯಿರಿ. ಸಂತೋಷಕ್ಕೂ ಹಾರ್ಟ್ ಅಟ್ಯಾಕ್ ಆಗ್ತದೆ ಶೀನಣ್ಣ" ಎಂದ.

ಒಪ್ಪಿಕೊಂಡೆ. ಕಾರಣ ಯಾವುದಾದರೇನು, ಸಾವು ನನ್ನದು. ಅಲ್ಲಿಗೆ ಸುಮ್ಮನಿರಬೇಕಿತ್ತು; ಇರಲಿಲ್ಲ. ಅವರ ಮನೆಯಲ್ಲೇ, ಅವರದೇ ಚಹಾ ಕುಡಿಯುತ್ತ ಹೇಳಿದೆ: "ನೀವೆಲ್ಲ ಇಷ್ಟು ಓದಿದವರು, ಸುಳ್ಳುಸುಳ್ಳು ಸಾಯಲಿಕ್ಕೂ ಹೆದರ್ತೀರಲ್ಲ. ಸಾಯಲಿಕ್ಕೆ ಧೈರ್ಯ ಬೇಕು ಸದಾನಂದಣ್ಣ." ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಅಲ್ ಸದ್ದಿನ ನಮ್ಮ ಫ್ಲ್ಯಾಟಿಗೆ ಬಂದು ಈ ಪರಾಕ್ರಮವನ್ನು ಹೆಂಡತಿ ಗಿರಿಜಳಿಗೆ ವರ್ಣಿಸಿದೆ. ಅವಳು ಮೀನಿಗೆ ಮಸಾಲೆ ಹಚ್ಚುತ್ತಿದ್ದಳು.

"ನಾಟಕದಲ್ಲಿ ಸತ್ತರೆ ಪರದೆ ಬಿದ್ದ ಮೇಲೆ ಎದ್ದು ಊಟಕ್ಕೆ ಬರ್ತೀರಿ" ಎಂದಳು. "ಸಿನಿಮಾದಲ್ಲಿ ಸತ್ತರೆ ಏಳುವುದುಂಟಾ? ಊರವರ ಮೊಬೈಲಿನಲ್ಲೆಲ್ಲ ನೀವು ಸತ್ತೇ ಇರ್ತೀರಿ. ನಾನು ಕರಿಮಣಿ ಹಾಕಿಕೊಂಡು ಅದನ್ನು ಎಷ್ಟು ಸಲ ನೋಡಬೇಕು?"

"ಇದು ಕಲೆ, ಗಿರಿಜಾ."

"ಕಲೆ ಮಾಡಿ. ಬದುಕಿಕೊಂಡು ಮಾಡಿ."

ನಾನು ಸಾಯುವ ಹೊತ್ತಿಗೆ ಸರಿಯಾಗಿ ಅವಳು ಪ್ರತಿ ವರ್ಷ ಸಭಾಂಗಣದಿಂದ ಎದ್ದು ಹೋಗುತ್ತಿದ್ದಳು. ಊಟದ ಸಾಲಿನಲ್ಲಿ ಮುಂದೆ ನಿಲ್ಲಲು ಹೋಗುತ್ತಾಳೆ ಎಂದುಕೊಂಡಿದ್ದೆ. ಯಾಕೆಂದು ಅಂದು ಊಟಕ್ಕೆ ಕೂತಾಗ ಹೊಳೆಯಿತು. ಆದರೆ ನಿರ್ಧಾರ ಬದಲಿಸಲಿಲ್ಲ. ರಾಜರು ಬದಲಿಸುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮರಳುಗುಡ್ಡದಲ್ಲಿ ಶೂಟಿಂಗ್. ನಾನೇ ಮಾಡಿದ ಸಿಂಹಾಸನವನ್ನು ನನ್ನದೇ ಪಿಕಪ್ಪಿನಲ್ಲಿ ಸಾಗಿಸಿದ್ದೆ. ಕೆಂಪು ವೆಲ್ವೆಟ್, ಒಳಗೆ ಒಳ್ಳೆಯ ಸ್ಪಂಜು, ಕಾಲುಗಳಿಗೆ ಚಿನ್ನದ ಬಣ್ಣ. ಸೇನಾಧಿಪತಿಗಳು ಶಾಲು ಸರಿಮಾಡಿಕೊಂಡು ಸುತ್ತ ನಿಂತರು. ಪ್ರಜ್ವಲ್ ಕಣ್ಣುಬಿಟ್ಟ. ಡ್ರೋನ್ ಮೇಲೇರಿತು. "ಯಲ್ಲಾ, ಬೇಗ ಶೀನಣ್ಣ, ಸಾಯಿರಿ" ಎಂದು ಮೆಲ್ವಿನ್ ಕೂಗಿದ.

ಒಂದು ಕೈ ಎದೆಗೆ, ಒಂದು ಕೈ ಆಕಾಶಕ್ಕೆ. ಒಂದು ಸುತ್ತು ತಿರುಗಿದೆ. ಎರಡನೆಯ ಸುತ್ತಿನಲ್ಲಿ ಪಿಕಪ್ಪಿನ ನೆರಳಿನಲ್ಲಿ, ನನ್ನ ಜೊತೆಗೇ ಬಂದಿದ್ದ ಗಿರಿಜ ಕಂಡಳು. ಮರುಭೂಮಿಯಲ್ಲಿ ಎದ್ದು ಹೋಗುವುದೆಲ್ಲಿಗೆ? ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಆಕಾಶಕ್ಕೆತ್ತಿದ ಕೈಯನ್ನು ಇಳಿಸಿ ಹಣೆಯ ಬೆವರು ಒರೆಸಿಕೊಂಡೆ. ಹಿಂದೆ ಸರಿದು ಸಿಂಹಾಸನದಲ್ಲಿ ಕೂತೆ.

ಎಂತಾಯ್ತೆಂದು ಮೆಲ್ವಿನ್ ಓಡಿಬಂದ. ಇಷ್ಟು ದೊಡ್ಡ ರಾಜ್ಯ, ರಾಜನಿಗೆ ಜವಾಬ್ದಾರಿ ಉಂಟು, ಹಾಗೆಲ್ಲ ಸಾಯಲಿಕ್ಕಾಗುವುದಿಲ್ಲ ಎಂದೆ. ಅವನು ಆಕಾಶ ನೋಡಿ "ಖಲಾಸ್" ಎಂದು ಡ್ರೋನ್ ಇಳಿಸಿದ. ಒಂಟೆಯ ಪಕ್ಕದಲ್ಲಿ ನಿಂತಿದ್ದ ಸದಾನಂದಣ್ಣ ಮಾತ್ರ ಬಹಳ ಮೃದುವಾಗಿ ಕೇಳಿದರು: "ಧೈರ್ಯ ಎಲ್ಲಿ ಹೋಯ್ತು ಮಾರಾಯ?"

ಸಿನಿಮಾ ತೋರಿಸಿದ ದಿನ ಜನ ಮೆಚ್ಚಿದರು. ಮಕ್ಕಳ ಜೊತೆ ಕೂತು ನೋಡಬಹುದಾದ ದುರಂತ ಎಂದು ಸಂಘದ ಅಧ್ಯಕ್ಷರು ಭಾಷಣ ಮಾಡಿದರು. ಕೊನೆಯ ದೃಶ್ಯದಲ್ಲಿ ನಾನು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತೇನೆ, ಹಿನ್ನೆಲೆಯಲ್ಲಿ ಪಿಟೀಲು. ಗಿರಿಜ ಈ ಸಲ ಎದ್ದು ಹೋಗಲಿಲ್ಲ. ಕಡೆಯವರೆಗೂ ಕೂತು ನೋಡಿ, ಸಿಂಹಾಸನ ಚಂದ ಬಂದಿದೆ ಎಂದಳು.

ಈಗ ನನ್ನಲ್ಲಿರುವುದು ಇಷ್ಟು. ಒಂದು ಅಂಗಡಿ, ನಾಲ್ವರು ಕೆಲಸಗಾರರು, ಒಂದು ಪಿಕಪ್, ಒಬ್ಬ ಹೆಂಡತಿ, ಇಬ್ಬರು ಮಕ್ಕಳು, ಯಾರೂ ಕೊಳ್ಳದ ಒಂದು ಸಿಂಹಾಸನ. ಸಾವು, ಒಂದೂ ಇಲ್ಲ.