ಕಣ್ಣು ಮುಚ್ಚಿದರೆ ಕಾಣುವ ಅಜ್ಜಿ

ಕ್ರೀಡಾಪಟುಗಳ ಮನಸ್ಸಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೈಗೆ ತರಬೇತಿ ಕೊಡುವವರಿಗೆ ಕಾಲು ಉಳುಕುವುದು, ಸ್ನಾಯು ಹಿಡಿಯುವುದು ಇಷ್ಟೇ ರಗಳೆ. ನಮ್ಮದು ಹಾಗಲ್ಲ ಮಾರಾಯರೆ, ಕಣ್ಣು ಮುಚ್ಚಿಸಿದರೆ ಯಾರು ಬಂದು ಕೂರುತ್ತಾರೋ ಹೇಳಲಾಗದು.

ಶಿರಸಿಯಲ್ಲಿ

ಎತ್ತರ ಜಿಗಿತದ ಹುಡುಗಿಯೊಬ್ಬಳು. ಅಭ್ಯಾಸದಲ್ಲಿ ಸಲೀಸಾಗಿ ಹಾರುವವಳು, ಆಯ್ಕೆಯ ದಿನ ಮಾತ್ರ ಕೋಲಿನ ಮುಂದೆ ಗಕ್ಕನೆ ನಿಲ್ಲುತ್ತಿದ್ದಳು. ಕಾಲೇಜಿನ ಕಡೆಯ ವರ್ಷ, ಈ ಸಲ ತಪ್ಪಿದರೆ ಮುಗಿದೇ ಹೋಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಕೂರಿಸುತ್ತಿದ್ದೆ.

"ಕಣ್ಣು ಮುಚ್ಚು. ಈ ಸಲದ ಆಯ್ಕೆ ನಡೆಯುವ ಯಲ್ಲಾಪುರದ ಮೈದಾನ. ಓಡಿ ಬಂದೆ, ಹಾರಿದೆ. ಎಂತ ಕಾಣ್ತು?"

"ಕೋಲಿನ ಪಕ್ಕಕ್ಕೆ ಒಂದು ಅಜ್ಜಿ ಇದ್ದು ಸರ್. ಕೆಂಪು ಸ್ವೆಟರ್. ಕುರ್ಚಿ ಮೇಲೆ ತೂಕಡಿಸ್ತಾ ಇದ್ದು."

"ಹೋಗು ಅಂತ ಅಜ್ಜಿಗೆ ಹೇಳು."

ಹುಡುಗಿ ಕಣ್ಣು ಮುಚ್ಚಿಕೊಂಡೇ ತುಟಿ ಆಡಿಸಿದಳು. "ಹೇಳ್ದಿ. ನೀವೇ ಮೊದಲು ಹೋಗವಡ, ಅಜ್ಜಿ ಹೇಳ್ತು."

ಸಿದ್ದಾಪುರದಲ್ಲಿ

ಮರುವಾರ ಅಲ್ಲಿನ ಓಟಗಾರನೊಬ್ಬನಿಗೆ ಅದೇ ಮೈದಾನ ನೆನೆಸಿಕೊಳ್ಳಲು ಹೇಳಿದೆ. ಹುಡುಗಿಯ ಗುರುತು ಅವನಿಗಿಲ್ಲ. ಯಲ್ಲಾಪುರದ ಮೈದಾನವನ್ನು ಇಬ್ಬರೂ ಕಂಡವರಲ್ಲ. ಅರ್ಧ ಓಟಕ್ಕೇ ಅವನು ಕಣ್ಣು ಬಿಟ್ಟ.

"ಸರ್, ಕೆಂಪು ಸ್ವೆಟರಿನ ಅಜ್ಜಿಯೊಬ್ರು ಒಂದೇ ಕಣ್ಣು ತೆರೆದು ನನ್ನ ನೋಡಿದ್ರು. ಸದ್ದು ಮಾಡದೆ ಓಡು ಅಂದ್ರು."

ಅವತ್ತಿನಿಂದ ಅವನು ತುದಿಗಾಲಲ್ಲೇ ಓಡತೊಡಗಿದ. ನಾನು ವರ್ಷವಿಡೀ ಬಡಿದುಕೊಂಡರೂ ಏರದ ವೇಗ ಏರಿತು.

ಯಲ್ಲಾಪುರದಲ್ಲಿ

ಆಯ್ಕೆಯ ದಿನ ಹುಡುಗಿ ಎರಡು ಸಲ ಓಡಿ ಬಂದಳು, ಎರಡು ಸಲವೂ ನಿಂತಳು. ಉಳಿದದ್ದು ಒಂದೇ ಅವಕಾಶ. ಅಷ್ಟರಲ್ಲಿ ಬೇಲಿಯಾಚೆಯ ಮನೆಯ ಗೇಟು ತೆರೆಯಿತು. ಕೆಂಪು ಸ್ವೆಟರಿನ ಅಜ್ಜಿ ಕುರ್ಚಿ ಎಳೆದುಕೊಂಡು ಬಂದರು. ನಾನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದೆ.

ಅಜ್ಜಿ ನೇರ ಹುಡುಗಿಯ ಎದುರು ನಿಂತರು. "ದಿನಾ ಊಟ ಮಾಡಿ ಒಂಚೂರು ಕಣ್ಣು ಮುಚ್ಚಿದ್ರೆ ನೀನೇ ಬತ್ತೆ. ಓಡಿ ಬತ್ತೆ, ನಿಂತ್ಕತ್ತೆ. ಯಂಗೆ ನಿದ್ದೆ ಇಲ್ಲೆ. ಇವತ್ತು ಒಂದ್ಸಲ ಹಾರಿ ಮುಗಿಸು ಕೂಸೆ."

ಆಮೇಲೆ ನನ್ನತ್ತ ತಿರುಗಿದರು. "ಬದಿಗೆ ನಿಂತು 'ಕಣ್ಣು ಮುಚ್ಚು, ಕಣ್ಣು ಮುಚ್ಚು' ಹೇಳವ ನೀನೇ ಅಲ್ದನ?"

ಹುಡುಗಿ ಓಡಿದಳು, ನಿಲ್ಲಲಿಲ್ಲ. ಕೋಲು ಅಲುಗಲೂ ಇಲ್ಲ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

"ಅಂತೂ ಆತು. ಇನ್ನು ಮಲಗ್ಲಕ್ಕು" ಎನ್ನುತ್ತ ಅಜ್ಜಿ ಕುರ್ಚಿ ಎತ್ತಿಕೊಂಡು ಹೊರಟರು. ರಾಜ್ಯಮಟ್ಟದ ತಯಾರಿ ಸೋಮವಾರ ಮಧ್ಯಾಹ್ನದಿಂದಲೇ ಶುರು ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.