ಲಾರಿ ತೂಗುವವನ ಕ್ಯಾಲೊರಿ ಲೆಕ್ಕ

ತೂಕದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ! ಸುಮ್ಮನೆ ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಜಲ್ಲಿ ಯಾರ್ಡಿನ ವೇಬ್ರಿಡ್ಜ್ ನನ್ನ ಸುಪರ್ದಿಯಲ್ಲಿದೆ. ನೆಲಕ್ಕೆ ಹಾಸಿದ ಕಬ್ಬಿಣದ ಹಲಗೆಯ ಮೇಲೆ ಲಾರಿ ಬಂದು ನಿಂತರೆ, ಪಕ್ಕದ ಗಾಜಿನ ಕ್ಯಾಬಿನ್ನಿನಲ್ಲಿ ಕೂತ ನನ್ನ ಮುಂದೆ ಅದರ ತೂಕ ಕೆಂಪು ಅಂಕಿಗಳಲ್ಲಿ ಮೂಡುತ್ತದೆ. ಖಾಲಿ ಇದ್ದಾಗ ಒಂದು ಸಲ, ತುಂಬಿದ ಮೇಲೆ ಒಂದು ಸಲ. ಒಂದರಿಂದ ಒಂದು ಕಳೆದರೆ ಜಲ್ಲಿಯ ತೂಕ. ಎಂಥೆಂಥ ಹೊಟ್ಟೆಬಾಕ ಲಾರಿಗಳು ಇಪ್ಪತ್ತು ವರ್ಷದಿಂದ ನನ್ನ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿವೆ!

ಹೀಗಾಗಿ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದಾಗಲೂ ನಾನು ಧೈರ್ಯವಾಗಿಯೇ ಇದ್ದೆ.

"ಸಕ್ಕರೆ ಅಂಚಿಗೆ ಬಂದು ನಿಂತಿದೆ. ಮೂರು ತಿಂಗಳು ಟೈಮ್ ಕೊಡ್ತೀನಿ, ಒಂದೈದು ಕೆಜಿ ಇಳಿಸಿ. ಉಪವಾಸ ಬೇಡ. ದಿನಕ್ಕೆ ನಿಮಗೆ ಎಷ್ಟು ಕ್ಯಾಲೊರಿ ಬೇಕು ಅಂತ ಲೆಕ್ಕ ಹಾಕಿ, ಅಷ್ಟೇ ತಿನ್ನಿ. ಇಳೀಲಿಲ್ಲ ಅಂದ್ರೆ ಮಾತ್ರೆ ಶುರು ಮಾಡೋಣ."

"ಮಾತ್ರೆ ಎಷ್ಟು ದಿನ ಡಾಕ್ಟರೇ?"

"ಸಾಮಾನ್ಯವಾಗಿ ಜೀವನಪೂರ್ತಿ."

ನನ್ನ ಧೈರ್ಯ ಅಲ್ಲೇ ಕುರ್ಚಿಯಲ್ಲಿ ಉಳಿದುಕೊಂಡಿತು. ನನ್ನ ಅಣ್ಣ ಎಲ್ಲಿಗೆ ಹೋದರೂ ಮಾತ್ರೆ ಡಬ್ಬಿ ಹಿಡಿದುಕೊಂಡೇ ಹೋಗುತ್ತಾನೆ. ಊಟಕ್ಕೆ ಕೂತರೆ ತಟ್ಟೆಗಿಂತ ಮೊದಲು ಡಬ್ಬಿ ಬಿಚ್ಚುತ್ತಾನೆ. ನನಗೆ ಆ ಡಬ್ಬಿ ಬೇಡವೇ ಬೇಡ!

ಮನೆಗೆ ಬಂದವನೇ ಘೋಷಿಸಿದೆ: "ಕೇಳಿಸಿಕೊಳ್ಳಿ! ಈ ಮನೆಯಲ್ಲಿ ಇನ್ನು ಮುಂದೆ ಬಡಿಸೋದು ಊಟ ಅಲ್ಲ, ವಿಜ್ಞಾನ!"

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಿಷಿನ್ನಿನಿಂದ ತಲೆಯೆತ್ತದೆ ಕೇಳಿದಳು, "ವಿಜ್ಞಾನಕ್ಕೆ ಉಪ್ಪು ಎಷ್ಟು ಹಾಕ್ಲಿ?"

ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಲೆಕ್ಕದ ಪುಟ ತೆರೆದಳು. ವಯಸ್ಸು ಕೇಳಿತು, ಐವತ್ತು ಎಂದು ನಿಜ ಹೇಳಿದೆ. ಆಮೇಲೆ ಎತ್ತರ. ಹೆಂಡತಿ ಟೇಪು ತಂದಳು. ನಾನು ಕೂದಲು ಮೇಲಕ್ಕೆ ಬಾಚಿ, ಉಸಿರು ಬಿಗಿಹಿಡಿದು ಗೋಡೆಗೆ ಒರಗಿದೆ.

"ಹಿಮ್ಮಡಿ ಕೆಳಗಿಡ್ರೀ."

"ನೆಲ ತಣ್ಣಗಿದೆ ಕಣೇ!"

ಅವಳು ಯಾರೂ ಕೇಳದಿದ್ದರೂ ನನ್ನ ಸೊಂಟವನ್ನೂ ಅಳೆದು, ಟೇಪೇ ಸಾಲದೇನೋ ಎಂಬಂತೆ ಒಮ್ಮೆ ನಿಟ್ಟುಸಿರು ಬಿಟ್ಟಳು. ಇನ್ನು ಉಳಿದದ್ದು ತೂಕ. ಬೀದಿ ಕೊನೆಯ ಔಷಧಿ ಅಂಗಡಿಯ ಮುಂದೆ ಒಂದು ತೂಕದ ಮಿಷಿನ್ ಇದೆ, ನಿಜ. ಆದರೆ ನಲವತ್ತು ಟನ್ ತೂಗುವ ಬ್ರಿಡ್ಜಿನ ಧಣಿ ಆ ಆಟದ ಸಾಮಾನಿನ ಮೇಲೆ ಹತ್ತುವುದೇ? ಮರುದಿನ ಯಾರ್ಡಿನಲ್ಲಿ, ಲಾರಿಗಳು ಬರುವ ಮೊದಲೇ, ಹಲಗೆಯ ನಟ್ಟನಡುವೆ ಎದೆಯುಬ್ಬಿಸಿ ನಿಂತೆ. ನಮ್ಮ ಕಾವಲುಗಾರ, ಸದಾ ಬಾಯಲ್ಲಿ ಸೀಟಿ ಇರುವುದರಿಂದ ಎಲ್ಲರ ಬಾಯಲ್ಲೂ ‘ಸೀಟಿ’ಯೇ ಆದವನು, ಕ್ಯಾಬಿನ್ನಿನಿಂದ ಅಂಕಿ ನೋಡಿ ಕೂಗಿದ, "ನೂರು ಅಣ್ಣಾ!"

ನೂರು! ಎಷ್ಟು ಮಟ್ಟಸವಾದ ಸಂಖ್ಯೆ! ದುಃಖವಾಗುವ ಬದಲು ನನಗೆ ಒಂಥರಾ ಹೆಮ್ಮೆಯೇ ಆಯಿತು.

ಸಂಜೆ ಮಗಳು ಕೊನೆಯ ಪ್ರಶ್ನೆ ಓದಿದಳು. ನಿಮ್ಮ ದುಡಿಮೆ ಎಂಥದು? ಕೂತು ಮಾಡುವ ಕೆಲಸವೋ, ಸ್ವಲ್ಪ ಓಡಾಟದ್ದೋ, ಸಾಕಷ್ಟು ಓಡಾಟದ್ದೋ, ಮೈಮುರಿಯುವಂಥದ್ದೋ?

"ಮೈಮುರಿಯುವಂಥದ್ದು!" ಎಂದೆ.

ಹೊಲಿಗೆ ಮಿಷಿನ್ ಗಕ್ಕನೆ ನಿಂತಿತು. "ಯಾರ ಮೈ? ಯಾವಾಗ ಮುರೀತು?"

"ದಿನಕ್ಕೆ ಐನೂರು ಟನ್ ಜಲ್ಲಿ ನನ್ನ ಕೈಮೇಲೆ ಹೋಗುತ್ತೆ ಕಣೇ!"

"ಹೋಗೋದು ಲಾರಿ ಮೇಲೆ. ನೀವು ಗುಂಡಿ ಒತ್ತೋದು."

"ಒತ್ತೋಕೆ ಬೆರಳು ಬೇಡ್ವಾ?"

"ಅಪ್ಪ, ನಿಜ ಹೇಳಿದ್ರೆ ಮಾತ್ರ ಲೆಕ್ಕ ಸರಿಯಾಗಿ ಬರುತ್ತೆ" ಎಂದು ಮಗಳು ಗೋಗರೆದಳು.

"ಒತ್ತಮ್ಮಾ ನಾಲ್ಕನೇದು!"

ಉತ್ತರ ಬಂತು ನೋಡಿ! ತೂಕ ಇಳಿಸಲು ನಾನು ದಿನಕ್ಕೆ ಹತ್ತಿರ ಹತ್ತಿರ ಮೂರು ಸಾವಿರ ಕ್ಯಾಲೊರಿ ತಿನ್ನಬೇಕಂತೆ! ಅಂದರೆ ಇಷ್ಟು ದಿನ ನಾನು ಕಡಿಮೆ ತಿಂದೇ ದಪ್ಪಗಾಗಿದ್ದೆ! ವಿಜ್ಞಾನದ ಮೇಲೆ ನನಗಿದ್ದ ಗೌರವ ಒಂದೇ ಏಟಿಗೆ ಮುಗಿಲು ಮುಟ್ಟಿತು.

ಅಂದಿನಿಂದ ನಾನು ಶಿಸ್ತಿನ ಸಿಪಾಯಿ. ಬೆಳಗ್ಗೆ ಮೊಟ್ಟೆ, ಬೆಣ್ಣೆ ಮೆತ್ತಿದ ಬ್ರೆಡ್ಡು. ಮಧ್ಯಾಹ್ನ ಗುಡ್ಡದಂಥ ಅನ್ನ. ಸಂಜೆ ಕೂಡಿ ನೋಡಿದರೆ ಇನ್ನೂ ಕೊರತೆ!

"ಐನೂರು ಬಾಕಿ ಇದೆ ಕಣೇ, ಏನಾದರೂ ಕೊಡು."

"ಹೊಟ್ಟೆ ತುಂಬಿಲ್ವಾ?"

"ಹೊಟ್ಟೆ ತುಂಬಿದೆ. ಲೆಕ್ಕ ತುಂಬಿಲ್ಲ."

ಕಣ್ಣಲ್ಲಿ ನೀರು ಬರುತ್ತಿದ್ದರೂ ಬಾಳೆಹಣ್ಣು, ಕಡಲೆಬೀಜ, ಗಟ್ಟಿ ಹಾಲು ಎಲ್ಲವನ್ನೂ ಕರ್ತವ್ಯವೆಂದು ನುಂಗಿದೆ. ಆರೋಗ್ಯಕ್ಕಾಗಿ ಮನುಷ್ಯ ಎಷ್ಟು ಕಷ್ಟಪಡಬೇಕು! ಒಂದು ದಿನ ಪ್ಯಾಂಟಿನ ಗುಂಡಿ ಟಪ್ಪೆಂದು ಹಾರಿ ಹೆಂಡತಿಯ ಮಿಷಿನ್ನಿನ ಕೆಳಗೆ ಬಿತ್ತು. ಅವಳು ಹೆಕ್ಕಿ ಹೊಲಿದು ಕೊಟ್ಟಳು.

"ನಾಲ್ಕೆಳೆ ದಾರ ಹಾಕಿದ್ದೀನಿ. ಇನ್ನು ಹಾರಿದ್ರೆ ಗುಂಡಿ ಅಲ್ಲ, ಪ್ಯಾಂಟೇ."

ಬ್ರಿಡ್ಜ್ ಮಾತ್ರ ನನ್ನ ಪರ ಇತ್ತು. ದಿನವೂ ನೂರು ಅಂದರೆ ನೂರು. "ಏರಿಲ್ಲ ತಾನೇ? ಇಳಿಯೋದಕ್ಕೆ ಸಮಯ ನೋಡ್ತಿದೆ!" ಎಂದು ಮನೆಯಲ್ಲಿ ವಾದಿಸಿದೆ.

ನೋಡುತ್ತಿದ್ದ ಸಮಯ ಬಂದೇ ಬಂತು. ಒಂದು ಬೆಳಗ್ಗೆ ಸೀಟಿ ಯಾರ್ಡಿಗೆ ನೀರು ಹೊಡೆಯುವಾಗ ಪೈಪು ನನ್ನ ಕಾಲ ಮೇಲೆ ತಿರುಗಿತು. ಯಾರ್ಡಿನಲ್ಲಿ ನಾವೆಲ್ಲ ಮೂತಿಗೆ ಕಬ್ಬಿಣ ಕೂರಿಸಿದ ಭಾರಿ ಶೂ ಹಾಕಬೇಕು. ಅವು ಒದ್ದೆಯಾದವೆಂದು ಬಿಚ್ಚಿಟ್ಟು ಬರಿಗಾಲಲ್ಲಿ ಹಲಗೆ ಹತ್ತಿದೆ.

"ಅಣ್ಣಾ!" ಸೀಟಿಯ ದನಿ ನಡುಗಿತು. "ತೊಂಬತ್ತು!"

ಹತ್ತು ಕೆಜಿ! ಒಂದೇ ರಾತ್ರಿಯಲ್ಲಿ! ಸೀಟಿಯನ್ನು ತಬ್ಬಿಕೊಂಡೆ. ಬೇಕರಿಯಿಂದ ದೊಡ್ಡ ಕೇಕು ತರಿಸಿ ಇಡೀ ಯಾರ್ಡಿಗೆ ಹಂಚಿದೆ. ಲೆಕ್ಕದಲ್ಲಿ ಜಾಗ ಇದ್ದುದರಿಂದ ನಾನೂ ಎರಡು ತುಂಡು ತಿಂದೆ. ಆಮೇಲೆ ಹೆಂಡತಿಗೆ ಫೋನು ಹಚ್ಚಿದೆ.

ಅವಳು ಕೇಳಿದಳು, "ನಿನ್ನೆ ನೂರು, ಇವತ್ತು ತೊಂಬತ್ತಾ?"

"ಹೂಂ ಮತ್ತೆ!"

"ಹಾಗಾದ್ರೆ ಕೆಟ್ಟಿರೋದು ನೀವಾ, ನಿಮ್ಮ ಬ್ರಿಡ್ಜಾ?"

ಮೂರನೇ ತುಂಡಿಗೆ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡೆ. ಬ್ರಿಡ್ಜ್ ಸರಿಯಿದ್ದರೆ ನಾನು ರಾತ್ರೋರಾತ್ರಿ ಹತ್ತು ಕೆಜಿ ಕರಗಿದ್ದೇನೆ, ಅದು ಸಾಧ್ಯವಿಲ್ಲ. ಬ್ರಿಡ್ಜ್ ಕೆಟ್ಟಿದ್ದರೆ ನಾನು ತೂಗಿದ ಲಾರಿಗಳ ಗತಿ? ನನ್ನ ಕೆಲಸದ ಗತಿ? ಓಡಿಹೋಗಿ ಶೂ ಹಾಕಿ ಹಲಗೆ ಹತ್ತಿದೆ. ನೂರು! ಬಿಚ್ಚಿದೆ. ತೊಂಬತ್ತು! ಹಾಕಿದೆ. ನೂರು! ನನ್ನ ಶೂಗಳೇನು ಹತ್ತು ಕೆಜಿಯೇ? ಒಂದೊಂದು ಕಾಲಿಗೆ ಐದೈದು ಕಟ್ಟಿಕೊಂಡು ಓಡಾಡುತ್ತಿದ್ದೆನೇ?

ಈ ತಲ್ಲೀನತೆಯಲ್ಲಿ, ನನ್ನ ಬೆನ್ನ ಹಿಂದೆ ಜಲ್ಲಿ ತುಂಬಿದ ಲಾರಿಯೊಂದು ನಿಧಾನವಾಗಿ ಹಲಗೆ ಹತ್ತಿದ್ದು ನನಗೆ ತಿಳಿಯಲಿಲ್ಲ. ನಾನು ಹಲಗೆಯ ಹಿಂದಿನ ಮೂಲೆಯಲ್ಲಿ ಶೂ ಬಿಚ್ಚುತ್ತಲೇ ಇದ್ದೆ. ಕ್ಯಾಬಿನ್ನಿನಲ್ಲಿದ್ದ ಸೀಟಿ, ನನಗೆ ಸಹಾಯವಾಗಲಿ ಎಂದು, ಗುಂಡಿ ಒತ್ತಿ, ನನ್ನನ್ನೂ ಸೇರಿಸಿ ತೂಕದ ಸ್ಲಿಪ್ಪು ತೆಗೆದೇ ಬಿಟ್ಟ! ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರೆ, ಅವನ ಲಾರಿಯ ಹಿಂದೆ ಹಲಗೆಯ ಮೇಲೆ ಒಂದು ಶೂ ಕೈಯಲ್ಲಿ ಹಿಡಿದ ನಾನು.

"ಸಾರ್! ಸ್ಲಿಪ್ಪು ಹರಿದುಹಾಕಿ! ನಾನು ತಗೊಂಡಿರೋದು ಜಲ್ಲಿ, ನಿಮ್ಮನ್ನಲ್ಲ! ಇಲ್ಲಾಂದ್ರೆ ನೀವೂ ಹಿಂದೆ ಹತ್ತಿಬಿಡಿ, ಜಲ್ಲಿ ಸುರಿಯೋ ಕಡೆ ನಿಮ್ಮನ್ನೂ ಸುರೀತೀನಿ!"

ಗಲಾಟೆ ಕೇಳಿ ಯಾರ್ಡಿನ ಯಜಮಾನರು ಹೊರಗೆ ಬಂದರು. ನಾನು ತಡವರಿಸುತ್ತ ಎಲ್ಲವನ್ನೂ ಹೇಳಿ, "ಸಾರ್, ಬ್ರಿಡ್ಜ್ ಕೆಟ್ಟಿದೆ" ಎಂದು ಮುಗಿಸಿದೆ. ಅವರು ನನ್ನ ಹೊಟ್ಟೆ ನೋಡಿದರು, ಕೈಯಲ್ಲಿದ್ದ ಶೂ ನೋಡಿದರು.

"ಈ ಬ್ರಿಡ್ಜ್ ಎಷ್ಟು ಕೆಜಿಗೊಂದು ಸಲ ಅಂಕಿ ಬದಲಾಯಿಸುತ್ತೆ?"

"ಹತ್ತತ್ತು ಕೆಜಿಗೆ ಸಾರ್" ಎಂದೆ. ಹೇಳಿದ ಬಾಯಿ ಹಾಗೇ ತೆರೆದುಕೊಂಡಿತು.

ಹೊಸದಾಗಿ ಬಂದ ಪ್ರತಿ ಡ್ರೈವರಿಗೂ ನಾನೇ ಹೇಳಿಕೊಡುವ ಮಾತದು! ತೊಂಬತ್ತೈದು ದಾಟಿದರೆ ನೂರು ತೋರಿಸುತ್ತದೆ, ದಾಟದಿದ್ದರೆ ತೊಂಬತ್ತು. ಎರಡರ ನಡುವೆ ಇದ್ದದ್ದು ನನ್ನ ಶೂ ಅಷ್ಟೇ. ಲಾರಿಗೆ ಹತ್ತು ಕೆಜಿ ಲೆಕ್ಕಕ್ಕೇ ಇಲ್ಲ, ನನಗೆ ಅದೇ ಸರ್ವಸ್ವ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಇಂಗು ತಿಂದ ಮಂಗನಂತೆ ನಿಂತೆ.

ಯಜಮಾನರು ತೀರ್ಪು ಕೊಟ್ಟರು. "ಇನ್ನು ಎರಡು ತಿಂಗಳು ಗುಂಡಿ ಒತ್ತೋಕೆ ಮುಂಚೆ ಪ್ರತಿ ಲಾರಿಗೂ ನೀವೇ ಕ್ಯಾಬಿನ್ನಿಂದ ಇಳಿದು, ಸುತ್ತ ಒಂದು ಸುತ್ತು ಹಾಕಿ, ಹಲಗೆ ಮೇಲೆ ಯಾರೂ ಇಲ್ಲ ಅಂತ ನೋಡಬೇಕು. ಖಾಲಿ ಬಂದಾಗ ಒಂದು ಸಲ, ತುಂಬಿ ಹೋಗುವಾಗ ಒಂದು ಸಲ."

ಆ ಸಂಜೆ ಹೆಂಡತಿಯೇ ನನ್ನನ್ನು ಔಷಧಿ ಅಂಗಡಿಯ ಆಟದ ಸಾಮಾನಿನ ಮೇಲೆ ಹತ್ತಿಸಿದಳು. ತೊಂಬತ್ತನಾಲ್ಕೂ ಮುಕ್ಕಾಲು! ಅಂದು ನಾನು ತಿರುಗಿಯೂ ನೋಡದ ಡಾಕ್ಟರಮ್ಮನ ಚೀಟಿಯಲ್ಲಿ ತೊಂಬತ್ತಮೂರೂವರೆ ಎಂದಿತ್ತು. ವಿಜ್ಞಾನವನ್ನು ಬಿಡದೆ ಪಾಲಿಸಿ ನಾನು ಒಂದು ಕೆಜಿಗೂ ಮೇಲೆ ಏರಿದ್ದೆ. ಮಾತ್ರೆ ಡಬ್ಬಿ ಕಣ್ಣ ಮುಂದೆ ಬಂದು ನಿಂತಿತು.

ಮನೆಯಲ್ಲಿ ಮತ್ತೆ ಲೆಕ್ಕ. ಈ ಸಲ ನಿಜವಾದ ತೂಕ, ನೆಲದ ಮೇಲಿನ ಹಿಮ್ಮಡಿ. ದುಡಿಮೆ ಎಂಥದು ಎಂದು ಮಗಳು ಓದಿದಾಗ ಮಿಷಿನ್ ಮತ್ತೆ ಗಕ್ಕನೆ ನಿಂತಿತು.

"ಕೂತು ಮಾಡೋದು" ಎಂದೆ, ನೆಲ ನೋಡುತ್ತ.

ಸಾವಿರದ ಏಳುನೂರರ ಆಸುಪಾಸು ಬಂತು. "ಇಷ್ಟರಲ್ಲಿ ಮನುಷ್ಯ ಬದುಕ್ತಾನೇನಮ್ಮಾ?"

"ಬದುಕ್ತಾನೆ ಅಪ್ಪ. ತೆಳ್ಳಗೆ."

ಹೆಂಡತಿ ನನ್ನನ್ನು ಉಪವಾಸ ಕೆಡವಲಿಲ್ಲ. ಅರ್ಧ ತಟ್ಟೆ ತರಕಾರಿ, ಒಂದು ಬಟ್ಟಲು ಅನ್ನ, ಬೇಳೆಯೋ ಮೊಟ್ಟೆಯೋ ಒಂದು, ಬೆಣ್ಣೆಗೆ ಗಡೀಪಾರು. ಮೊದಲ ವಾರ ಹೊಟ್ಟೆ ತಾಳ ಹಾಕಿತು, ನಾನು ಸಿಡುಕಿದೆ, ಅವಳು ಸೌತೆಕಾಯಿ ಕೊಟ್ಟಳು. ಎರಡನೇ ವಾರ ಅಭ್ಯಾಸವಾಯಿತು. ಯಾರ್ಡಿನಲ್ಲಿ ಇಳಿ, ಸುತ್ತು, ಹತ್ತು, ಒತ್ತು. ಮತ್ತೆ ಇಳಿ, ಸುತ್ತು! ಡ್ರೈವರುಗಳು ಹಾರನ್ ಹೊಡೆದು, "ಪ್ರದಕ್ಷಿಣೆ ಬೇಗ ಮುಗಿಸಿ ಸಾರ್!" ಎಂದು ರೇಗಿಸುತ್ತಿದ್ದರು. ಬೈದುಕೊಂಡೇ ಸುತ್ತಿದೆ. ಒಂದು ದಿನ ಹೆಂಡತಿ ಅದೇ ಗುಂಡಿಯನ್ನು ಕಿತ್ತು ಒಂದಂಗುಲ ಒಳಗೆ ಹೊಲಿದಾಗ ನನಗೆ ನಿಜವಾಗಿಯೂ ಕಣ್ತುಂಬಿ ಬಂತು.

ಮೂರು ತಿಂಗಳಾಯಿತು. ಡಾಕ್ಟರಮ್ಮನ ಮಿಷಿನ್ನಿನಲ್ಲಿ ಎಂಬತ್ತೊಂಬತ್ತು! ರಿಪೋರ್ಟು ನೋಡಿ ಅವರ ಹುಬ್ಬು ಈ ಸಲ ಮೇಲಕ್ಕೆ ಹೋಯಿತು.

"ಸಕ್ಕರೆ ಚೆನ್ನಾಗಿ ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ."

ಆಹಾ! ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ. "ಎಲ್ಲಾ ಲೆಕ್ಕಾಚಾರ ಡಾಕ್ಟರೇ. ತೂಕದ ವಿಷಯದಲ್ಲಿ ನಾನು..."

"ಊಟದ ಲೆಕ್ಕ ಸರಿ. ಆದರೆ ಅದೊಂದೇ ಅಲ್ಲ, ನೀವು ಚೆನ್ನಾಗಿ ನಡೀತಾ ಇದ್ದೀರಿ. ಕಾಲಿನ ಸ್ನಾಯು ನೋಡಿದ್ರೇ ಗೊತ್ತಾಗುತ್ತೆ. ಈ ಒಳ್ಳೇ ಸಲಹೆ ಕೊಟ್ಟೋರು ಯಾರು?"

ನಾನು ಕೆಮ್ಮಿದೆ. "ಅದು... ಆಫೀಸಿನಲ್ಲಿ ಒಂದು ವ್ಯವಸ್ಥೆ..."

"ಶಿಕ್ಷೆ ಡಾಕ್ಟರೇ" ಎಂದಳು ಪಕ್ಕದಲ್ಲೇ ಕೂತಿದ್ದ ಹೆಂಡತಿ. ಅಲ್ಲಿಗೆ ನಿಲ್ಲಿಸಿದಳೇ? ನೂರು, ತೊಂಬತ್ತು, ಕೇಕು, ಶೂ, ನನ್ನನ್ನು ಜಲ್ಲಿಯ ಜೊತೆ ತೂಗಿದ್ದು, ಒಂದೂ ಬಿಡದೆ ಹೇಳಿದಳು. ಡಾಕ್ಟರಮ್ಮ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಈ ಶಿಕ್ಷೆ ಯಾವಾಗ ಮುಗಿಯುತ್ತೆ?"

"ಈ ಶನಿವಾರ!" ಎಂದೆ ಖುಷಿಯಿಂದ.

ಅವರು ನಗು ನಿಲ್ಲಿಸಿ ಚೀಟಿ ಪುಸ್ತಕ ಎಳೆದುಕೊಂಡರು. ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟ ಕಾಗದದಲ್ಲಿ ಮಾತ್ರೆಯ ಹೆಸರು ಹುಡುಕಿದೆ, ಇರಲಿಲ್ಲ. ಅದು ನಮ್ಮ ಯಜಮಾನರಿಗೆ ಬರೆದದ್ದು: ‘ಇವರಿಗೆ ಶಿಕ್ಷೆಯನ್ನು ಮುಂದುವರಿಸುವುದು. ಲಾರಿಗೊಂದು ಸುತ್ತು, ಊಟಕ್ಕೆ ಮುಂಚೆ ಮತ್ತು ಊಟದ ನಂತರ. ಎಷ್ಟು ದಿನ: ಜೀವನಪೂರ್ತಿ.’

ನಾನು ಬೆವರು ಒರೆಸಿಕೊಳ್ಳುತ್ತಿರುವಾಗ ಹೆಂಡತಿ ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು:

"ಡಾಕ್ಟರೇ, ಮನೆಗೂ ಇಂಥದ್ದೊಂದು ಬರೆದು ಕೊಡ್ತೀರಾ?"