ಕರ್ತೃವನ್ನು ಸಂಪರ್ಕಿಸಿ

ಕೆಲವರಿಗೆ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕು, ನನಗೆ ಒಂದು ಅಭಿಪ್ರಾಯ ಬೇಕು. ಅದರಲ್ಲೂ ತಂತ್ರಜ್ಞಾನದ ಸುದ್ದಿ ಸಿಕ್ಕಿತೆಂದರೆ ನನ್ನನ್ನು ಹಿಡಿಯುವವರಿಲ್ಲ. ಯಾವ ದೇಶದಲ್ಲಿ ಯಾವ ಕಂಪನಿ ಯಾರ ಮೇಲೆ ಪೇಟೆಂಟ್ ದಾವೆ ಹೂಡಿದರೂ ಅದರ ಮೊದಲ ತೀರ್ಪು ಹೊರಬೀಳುವುದು ಗಾಂಧಿ ಬಜಾರಿನ ಹೋಟೆಲಿನಲ್ಲಿ, ಭಾನುವಾರ ಬೆಳಿಗ್ಗೆ, ನನ್ನ ಬಾಯಿಂದ. ನಿವೃತ್ತ ಬ್ಯಾಂಕ್ ಗುಮಾಸ್ತನ ಮಾತನ್ನು ಯಾರು ಕೇಳುತ್ತಾರೆ ಎನ್ನಬೇಡಿ. ದೋಸೆ ಬರುವವರೆಗೆ ಬೇರೆ ದಾರಿ ಇಲ್ಲದವರು ಕೇಳುತ್ತಾರೆ. “ಜ್ಞಾನಕ್ಕೆ ಬೇಲಿ ಹಾಕ್ಬಾರ್ದು ರೀ. ಸಾಫ್ಟ್‌ವೇರ್ ಅಂದ್ರೆ ಸಾರಿನ ಪುಡಿ ಇದ್ದ ಹಾಗೆ. ಹೇಗೆ ಮಾಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಹೇಳ್ಬೇಕು” ಎನ್ನುವುದು ನನ್ನ ಖಾಯಂ ವಾಕ್ಯ. ನನ್ನ ಹೆಂಡತಿ ತನ್ನ ಸಾರಿನ ಪುಡಿಯ ಅಳತೆಯನ್ನು ಸ್ವಂತ ನಾದಿನಿಗೂ ಹೇಳಿಲ್ಲ, ಆ ಮಾತು ಬೇರೆ.

ಈ ಭಾಷಣಗಳನ್ನು ತಪ್ಪದೆ ಕೇಳುತ್ತಿದ್ದವನು ನನ್ನ ಬಾಲ್ಯದ ಗೆಳೆಯ ನಾಗರಾಜ. ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವುದು ಅವನ ಕೆಲಸ. ಸೋದರಮಾವನ ಹೆಸರು ದೊಡ್ಡಪ್ಪನ ಹೆಸರಿಗಿಂತ ಮೇಲೆ ಬಂತೆಂದು ಕಾರ್ಡಿನ ಕಟ್ಟನ್ನು ತಂದು ಮುಖದ ಮೇಲೆ ಎಸೆಯುವವರನ್ನು ಸಮಾಧಾನ ಮಾಡುವುದರಲ್ಲೇ ಅವನ ಅರ್ಧ ಆಯುಸ್ಸು ಸವೆಯಿತು. ಹಾಗೆ ಕೆಟ್ಟುಹೋದ ಕಾರ್ಡುಗಳನ್ನು ಅವನು ಎಸೆಯುತ್ತಿರಲಿಲ್ಲ. ಮನೆಗೆ ತಂದು, ದಿನಸಿಯ ಚೀಟಿಯಿಂದ ಹಿಡಿದು ಔಷಧಿಯ ಹೆಸರಿನವರೆಗೆ ಎಲ್ಲವನ್ನೂ ಅವುಗಳ ಬೆನ್ನ ಮೇಲೆ ಬರೆದಿಡುತ್ತಿದ್ದ.

ಈಗ ನನ್ನ ತಪ್ಪೊಪ್ಪಿಗೆ. ಒಂದು ಕಾಲದಲ್ಲಿ, ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಒಬ್ಬೊಬ್ಬರದು ಒಂದೊಂದು ದಾರಿ ಇದ್ದಾಗ, ನಾನೂ ಸಂಜೆಗಳನ್ನು ಸುರಿದು ಒಂದು ಪ್ರೋಗ್ರಾಂ ಬರೆದಿದ್ದೆ. ಇಡೀ ಜಗತ್ತಿನಲ್ಲಿ ಅದನ್ನು ಬಳಸುತ್ತಿದ್ದವರು ಇಬ್ಬರು: ನಾನು ಮತ್ತು ನಾಗರಾಜ. ನನಗೆ ಬೇಜಾರಾಗದಿರಲಿ ಎಂದು ಅವನು ಬಳಸುತ್ತಿದ್ದ, ನಾನು ಬೇರೆ ಗತಿಯಿಲ್ಲದೆ. ಆದರೂ ನನಗೆ ಕಳ್ಳರ ಭಯ. ಬರೆದದ್ದನ್ನು ಉಳಿಸುವಾಗ ಅಕ್ಷರಗಳನ್ನು ನನಗೆ ತೋಚಿದಂತೆ ಅದಲುಬದಲು ಮಾಡಿಡುವ ಒಂದು ಬೀಗ ಹಾಕಿದೆ. ಮೊದಲು ಹಾಕಿಕೊಂಡ ಡಿಸ್ಕನ್ನು ಬಿಟ್ಟು ಬೇರೆಯದರಲ್ಲಿ ಓಡದಂತೆ ಇನ್ನೊಂದು. ಓಡಿಸಲು ಹೋದರೆ “ಅನುಮತಿ ಇಲ್ಲ. ಕರ್ತೃವನ್ನು ಸಂಪರ್ಕಿಸಿ” ಎಂಬ ಸೂಚನೆ, ಅದರ ಕೆಳಗೆ ನಮ್ಮ ಮನೆಯ ಫೋನ್ ನಂಬರು. “ಒಳಗಡೆ ಏನ್ ಬರ್ದಿದೀಯ ತೋರ್ಸೋ, ನಾನೂ ಕಲೀತೀನಿ” ಎಂದು ನಾಗರಾಜ ಒಮ್ಮೆ ಕೇಳಿದ್ದ. “ಪೇಟೆಂಟ್‌ಗೆ ಹಾಕಿದೀನಿ ಕಣೋ, ಹೊರಗೆ ಬಿಡೋ ಹಾಗಿಲ್ಲ” ಎಂದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಿಜವಾಗಿ ಆದದ್ದಿಷ್ಟು: ಅವೆನ್ಯೂ ರಸ್ತೆಯ ಮಹಡಿಯೊಂದರಲ್ಲಿದ್ದ ವಕೀಲರನ್ನು ಕಂಡೆ. ಅವರು ಕನ್ನಡಕದ ಮೇಲಿಂದ ನೋಡಿ, “ಇದ್ರಲ್ಲಿ ಹೊಸದು ಏನಿದೆ?” ಎಂದರು. ಬಂದದ್ದು ದಂಡವಾಗಬಾರದೆಂದು ಕೆಳಗಿನ ಅಂಗಡಿಯಲ್ಲಿ ಒಂದು ದಸ್ತು ಬಿಳಿ ಹಾಳೆ ಕೊಂಡು ಮನೆಗೆ ಬಂದೆ. ಅರ್ಜಿಯನ್ನೇ ಹಾಕಲಿಲ್ಲ. ನಾಗರಾಜ ಮಾತ್ರ ಪ್ರತಿ ಯುಗಾದಿಗೆ “ಬಂತೇನೋ ನಿನ್ನ ಪೇಟೆಂಟು?” ಎಂದು ಕೇಳುತ್ತಿದ್ದ. “ಇನ್ನೂ ಬಂದಿಲ್ಲ” ಎನ್ನುತ್ತಿದ್ದೆ.

ಹೋದ ವರ್ಷ ಅವನಿಗೆ ಕಾಯಿಲೆ ಹಿಡಿಯಿತು. ಹೋಟೆಲಿಗೆ ಬರುತ್ತಿದ್ದ, ಅರ್ಧ ಇಡ್ಲಿ ತಿಂದು ತಟ್ಟೆ ಸರಿಸುತ್ತಿದ್ದ. ಒಂದು ಭಾನುವಾರ, “ಶೀನ, ಮನೇಲಿರೋ ಹಳೇ ಕಂಪ್ಯೂಟರ್ ಡಿಸ್ಕ್ ಹೋಯ್ತು ಕಣೋ. ಬೇರೆ ಹಾಕ್ಸಿದೆ. ನಿನ್ನ ಪ್ರೋಗ್ರಾಂ ತೆಗೀತಾ ಇಲ್ಲ. ಒಂಚೂರು ಬಂದು ನೋಡ್ತೀಯಾ?” ಎಂದ. ನಾನಾಗ ಹೊರದೇಶದ ಯಾವುದೋ ಕಂಪನಿ ತನ್ನ ತಂತ್ರಾಂಶವನ್ನೆಲ್ಲ ಮುಕ್ತವಾಗಿ ಊರಿಗೆ ಹಂಚಿದ ಸುದ್ದಿಯನ್ನು ಹೊಗಳುತ್ತಿದ್ದೆ. “ಮುಂದಿನ ವಾರ ಬರ್ತೀನಿ” ಎಂದೆ. ಮೂರು ಭಾನುವಾರ ಹಾಗೇ ಎಂದೆ. ನಾಲ್ಕನೆಯ ಭಾನುವಾರ ನಾವಿಬ್ಬರೂ ಚಾಮರಾಜಪೇಟೆಯ ಸ್ಮಶಾನದಲ್ಲಿದ್ದೆವು. ವಾಪಸು ಬಂದವನು ನಾನೊಬ್ಬನೇ.

ಕಳೆದ ತಿಂಗಳು ಅವನ ಹೆಂಡತಿ ಸರೋಜಮ್ಮ ಫೋನ್ ಮಾಡಿದರು. “ಶೀನಣ್ಣ, ವರ್ಷದ ಕಾರ್ಯ ಹತ್ರ ಬಂತು. ‘ನಿಂಗೆ ಅಂತ ಬರ್ದಿಟ್ಟಿದೀನಿ, ಆಮೇಲೆ ಓದ್ಕೊ’ ಅಂತ ಇವರು ನಂಗೆ ಹೇಳಿದ್ರು. ಅಷ್ಟರೊಳಗೆ ಅದನ್ನೊಂದು ಓದ್ಬೇಕು. ಪೆನ್ ಡ್ರೈವ್‌ನಲ್ಲಿದೆ, ತೆಗೆದ್ರೆ ಬರೀ ಕಸ ಬರುತ್ತೆ.” ಹನುಮಂತನಗರದ ಅವರ ಮನೆಗೆ ಹೋಗಿ ಪ್ರೋಗ್ರಾಂ ಒತ್ತಿದೆ. ಪರದೆಯ ಮೇಲೆ ಬಂದದ್ದನ್ನು ಸರೋಜಮ್ಮ ಗಟ್ಟಿಯಾಗಿ ಓದಿದರು: “ಕರ್ತೃವನ್ನು ಸಂಪರ್ಕಿಸಿ.” ಆಮೇಲೆ ನನ್ನ ಕಡೆ ತಿರುಗಿದರು: “ಕರ್ತೃ ಅಂದ್ರೆ ನೀವೇ ಅಲ್ವಾ?” ಕೆಳಗಿದ್ದ ನಂಬರಿನ ಫೋನನ್ನು ನಾವು ಇಲಾಖೆಗೆ ಹಿಂತಿರುಗಿಸಿ ಎಷ್ಟೋ ವರ್ಷವಾಗಿತ್ತು. ಮನೆಗೆ ಬಂದು ಕಪಾಟು ಜಾಲಾಡಿದೆ. ಪ್ರೋಗ್ರಾಂ ಇದ್ದ ನನ್ನ ಹಳೆಯ ಕಂಪ್ಯೂಟರು ಎಂದೋ ಗುಜರಿ ಸೇರಿತ್ತು, ಮೂಲ ಪ್ರತಿ ಇದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಯಾವ ಅಕ್ಷರವನ್ನು ಯಾವುದಕ್ಕೆ ಬದಲಿಸಿದ್ದೆನೆಂಬುದು ನನ್ನ ತಲೆಯಲ್ಲೂ ಇರಲಿಲ್ಲ. ಆಗುವುದಿಲ್ಲ ಎಂದು ಹೇಳಿದೆ. ಸರೋಜಮ್ಮ ಬೈದಿದ್ದರೆ ಚೆನ್ನಾಗಿತ್ತು. “ಅವರ ಮಾತು ಅವರ ಜೊತೇಲೇ ಹೋಯ್ತು ಅಂದ್ಕೋತೀನಿ ಬಿಡಿ” ಎಂದರು. ನನಗೆ ಅವತ್ತು ಊಟ ಸೇರಲಿಲ್ಲ.

ವಾರದ ನಂತರ ಮತ್ತೆ ಅವರದೇ ಫೋನು. ಕಾರ್ಯಕ್ಕೆಂದು ಅಟ್ಟದಿಂದ ಪಾತ್ರೆ ಇಳಿಸುವಾಗ, ಕೊಳಗದೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಮದುವೆ ಕಾರ್ಡುಗಳ ಕಟ್ಟು ಸಿಕ್ಕಿತ್ತಂತೆ. “ಕೊನೇಲಿ ಆಸ್ಪತ್ರೆಯಲ್ಲಿ ಕಾರ್ಡು, ಕಾರ್ಡು ಅಂತಿದ್ರು. ಯಾರ ಮದುವೆ ಕೆಲಸ ಬಾಕಿ ಉಳೀತೋ ಅಂದ್ಕೊಂಡಿದ್ದೆ.” ಹೋಗಿ ನೋಡಿದರೆ ಕಾರ್ಡುಗಳ ಹಿಂಬದಿಯಲ್ಲಿ ‘ಅ’ದಿಂದ ‘ಳ’ದವರೆಗೆ, ಕಾಗುಣಿತ ಒತ್ತಕ್ಷರಗಳ ಸಮೇತ, ಯಾವುದಕ್ಕೆ ಯಾವುದು ಎಂಬ ಪಟ್ಟಿ. ಡಿಸ್ಕ್ ಕೆಡುವ ಮೊದಲೇ ಒಂದೊಂದೇ ಅಕ್ಷರ ಒತ್ತಿ, ಉಳಿಸಿ, ಬೇರೆ ಪ್ರೋಗ್ರಾಂನಲ್ಲಿ ತೆರೆದು ನೋಡಿ ಬರೆದುಕೊಂಡಿದ್ದ. ನನ್ನ ಅಕ್ಷರದ ಬೀಗವನ್ನು ಯಾರದೋ ತಪ್ಪು ಕಾರ್ಡಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬಿಚ್ಚಿಟ್ಟಿದ್ದ.

ಪೆನ್ ಡ್ರೈವ್‌ನಲ್ಲಿದ್ದ ಕಸವನ್ನು ಹಾಳೆಗೆ ಇಳಿಸಿಕೊಂಡು, ಪಟ್ಟಿ ಹಿಡಿದು ಮೊದಲ ಸಾಲು ಬಿಡಿಸಿದೆವು. “ಸರೋಜ, ಮೊದಲು ಊಟ ಮಾಡು, ಆಮೇಲೆ ಓದು.” ಸರೋಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಉಳಿದಿದ್ದು ನಾನೇ ಬಿಡಿಸ್ಕೋತೀನಿ ಶೀನಣ್ಣ. ನೀವು ಕಾಫಿ ಕುಡೀರಿ.” ಕರ್ತೃವಿಗೆ ಇನ್ನು ಕೆಲಸವಿರಲಿಲ್ಲ. ಕಾರ್ಡುಗಳನ್ನು ಜೋಡಿಸುತ್ತ ಕೊನೆಯದನ್ನು ತಿರುಗಿಸಿದೆ. ಅದರಲ್ಲಿ ಪಟ್ಟಿ ಇರಲಿಲ್ಲ. ನಾಗರಾಜನ ದುಂಡು ಅಕ್ಷರದಲ್ಲಿ ಎರಡೇ ಸಾಲು: “ಇದನ್ನು ಶೀನನಿಗೆ ತೋರಿಸಬೇಡ. ಪೇಟೆಂಟ್ ಬರುತ್ತದೆ ಎಂದು ಪಾಪ ಕಾಯುತ್ತಿದ್ದಾನೆ, ನೊಂದುಕೊಳ್ಳುತ್ತಾನೆ.”

ನಾನು ಅದನ್ನು ಓದಿದ್ದು ಸರೋಜಮ್ಮನಿಗೆ ಕಂಡಿತು. ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೂ ಓದಿ, ಮೆಲ್ಲಗೆ ಕೇಳಿದರು: “ಅದು ಬಂತಾ, ಶೀನಣ್ಣ?”

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಇನ್ನು ಸಿಗಲಾರದು. ಕಾಫಿ ಲೋಟ ಕೆಳಗಿಟ್ಟೆ.

“ಇನ್ನೂ ಬಂದಿಲ್ಲಮ್ಮ” ಎಂದೆ.